ಹಾಸಿಗೆಯ ಪಕ್ಕ ನಿಂತು ಸಿಸ್ಟರ್ ಮೊಬೈಲ್ ನೋಡಿದರೆ ಅವರಿಗೆ ಕೆಲಸ ಗೊತ್ತಿಲ್ಲವೆಂದು ಅರ್ಥವೇ?

ನಿಮ್ಮ ತಂದೆಯವರಿಗೆ ಇಂಜೆಕ್ಷನ್ ಕೊಡುವ ಮೊದಲು ಸಿಸ್ಟರ್ ಮೊಬೈಲ್ ತೆಗೆದು ಏನನ್ನೋ ಓದಿದ್ದು ಕಂಡು ನಿಮಗೆ ದಿಗಿಲಾಯಿತು ಎಂದು ಬರೆದಿದ್ದೀರಿ. ತೀರ್ಥಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿರುವ ನಾನು ಹೇಳುವುದಾದರೆ, ಅನುಮಾನ ಬಂದಾಗ ನೋಡಿಕೊಳ್ಳುವವರ ಕೈಯಲ್ಲೇ ರೋಗಿ ಹೆಚ್ಚು ಕ್ಷೇಮ.

ಎರಡು ಮಳೆಗಾಲದ ಹಿಂದೆ, ನೈಟ್ ಡ್ಯೂಟಿಯಲ್ಲಿ, ಬಿಟ್ಟುಬಿಟ್ಟು ಫಿಟ್ಸ್ ಬರುತ್ತಿದ್ದ ಐವತ್ತು ಕೆ.ಜಿ. ತೂಕದ ಯುವಕನೊಬ್ಬನಿಗೆ ಡ್ಯೂಟಿ ಡಾಕ್ಟರು ಫಿಟ್ಸ್ ತಡೆಯುವ ಫೆನಿಟಾಯಿನ್ 1000 ಮಿ.ಗ್ರಾಂ ಬರೆದರು. ಸ್ಟ್ಯಾಂಡಿನಲ್ಲಿ ಆಗಲೇ ಡೆಕ್ಸ್ಟ್ರೋಸ್ (ಗ್ಲೂಕೋಸ್) ಬಾಟಲಿ ಓಡುತ್ತಿತ್ತು. ಅದೇ ಲೈನಿಗೆ ಸೇರಿಸಿಬಿಡಲು ಕೈ ಹೋಗಿತ್ತು ಕೂಡ. ಯಾಕೋ ಅಳುಕಿ ಮೊಬೈಲಿನಲ್ಲಿದ್ದ ಔಷಧ ಕೈಪಿಡಿ ತೆರೆದೆ. ಡೆಕ್ಸ್ಟ್ರೋಸಿನಲ್ಲಿ ಬೆರೆಸಿದರೆ ಈ ಔಷಧ ಹರಳುಗಟ್ಟುತ್ತದೆ, ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಮಾತ್ರ ಬಳಸಬೇಕು, ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು ಎಂದಿತ್ತು. ಎಂದರೆ ಅಷ್ಟು ಡೋಸ್ ಹೋಗಲು ಕನಿಷ್ಠ 20 ನಿಮಿಷ ಬೇಕು. ಡಾಕ್ಟರಿಗೆ ತಿಳಿಸಿ, ಲೈನನ್ನು ಸಲೈನಿನಿಂದ ತೊಳೆದು, ಆ ವೇಗಕ್ಕೇ ಇಟ್ಟು, ಬಿ.ಪಿ. ಮತ್ತು ನಾಡಿ ನೋಡುತ್ತ ಪಕ್ಕದಲ್ಲೇ ನಿಂತೆವು. ಕಾಲೇಜಿನಲ್ಲಿ ಇದನ್ನೆಲ್ಲ ಓದಿದ್ದೆ, ಆದರೆ ರಾತ್ರಿ ಮೂರು ಗಂಟೆಗೆ ಓದಿದ್ದೆಲ್ಲ ನೆನಪಿಗೆ ಬರುವುದಿಲ್ಲ.

ಡಾಕ್ಟರನ್ನು ಯಾವಾಗ ಎಬ್ಬಿಸಬೇಕು ಎಂಬುದು ನರ್ಸಿನ ನಿರ್ಧಾರ, ಅದಕ್ಕೂ ಮೊಬೈಲ್ ನೆರವಾಗುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ, ರೋಗಿಯ ಸ್ಥಿತಿ ಕೆಡುತ್ತಿದೆಯೇ ಎಂದು ಮೊದಲೇ ಎಚ್ಚರಿಸುವ ನ್ಯೂಸ್ (NEWS) ಎಂಬ ಅಂಕದಲ್ಲಿ ಉಸಿರಾಟ, ಆಮ್ಲಜನಕ, ಬಿ.ಪಿ., ನಾಡಿ, ಪ್ರಜ್ಞೆ, ಜ್ವರ ಇಷ್ಟನ್ನೂ ತುಂಬಿದರೆ ಮೊಬೈಲ್ ಒಟ್ಟು ಲೆಕ್ಕ ಹೇಳುತ್ತದೆ. ಅದು 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು. 'ಯಾಕೋ ಸರಿಯಿಲ್ಲ ಸರ್' ಎನ್ನುವುದಕ್ಕಿಂತ 'ಅಂಕ ಎಂಟಾಗಿದೆ ಸರ್' ಎಂದರೆ ಬೇಗ ಬರುತ್ತಾರೆ, ಇದು ನನ್ನ ಅನುಭವ.

ಮೊಬೈಲಿಗೆ ಕಾಣದ್ದೂ ಇದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ, ರಕ್ತಸ್ರಾವವೂ ಆಗಬಹುದಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯ ಹೊತ್ತಿಗೆ ಬರುತ್ತದೆ. ಆ ದಿನಗಳಲ್ಲಿ ಜ್ವರ, ಮೈಕೈ ನೋವೆಂದು ಬಂದವರು ನೋವಿನ ಇಂಜೆಕ್ಷನ್ ಕೇಳುತ್ತಾರೆ. ಡೈಕ್ಲೋಫೆನಾಕಿನಂಥ ನೋವಿನ ಔಷಧ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ ಎಂದು ಕೈಪಿಡಿ ಹೇಳೀತು. ಆದರೆ ಹಾಗೆ ಬಂದ ಅಮ್ಮನೊಬ್ಬರು ವಾರದ ಹಿಂದೆ ಕೊಟ್ಟಿಗೆಗೆ ಹಾಸಲು ತರಗೆಲೆ ತರಲು ಕಾಡಿಗೆ ಹೋಗಿದ್ದರು, ಕಾಲಿಗೆ ಉಣುಗು ಹತ್ತಿತ್ತು ಎಂಬುದನ್ನು ನಾವೇ ಕೇಳಿ ಡಾಕ್ಟರಿಗೆ ಹೇಳಬೇಕು.

ನೋಡುವುದರಲ್ಲೂ ರೀತಿ ಇದೆ. ಗೂಗಲ್‌ನಲ್ಲಿ ಮೊದಲು ಕಂಡದ್ದನ್ನು ಅಥವಾ ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಿ ಡೋಸ್ ಹಾಕುವುದು ತಪ್ಪು. ನಮ್ಮಲ್ಲಿ ಜೋರು ಮಳೆಗೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುವುದರಿಂದ, ಮೊದಲೇ ಇಳಿಸಿಟ್ಟುಕೊಂಡು ಓದಬಹುದಾದ ಆ್ಯಪ್‌ಗಳೇ ಅನುಕೂಲ. ಡ್ರಿಪ್‌ನ ಹನಿ ಲೆಕ್ಕವನ್ನು ನಾನು ಮೊದಲು ಕಾಗದದಲ್ಲೇ ಮಾಡುತ್ತೇನೆ: ಮಿ.ಲೀ.ಗೆ 20 ಹನಿಯ ಸೆಟ್ಟಿನಲ್ಲಿ 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಮೊಬೈಲ್ ಬೇರೆ ಸಂಖ್ಯೆ ತೋರಿಸಿದರೆ ಎರಡನ್ನೂ ಮತ್ತೆ ನೋಡುತ್ತೇನೆ.

ಮುಂದಿನ ಸಲ 'ಏನು ನೋಡ್ತಿದ್ದೀರಿ ಸಿಸ್ಟರ್' ಎಂದು ನೇರವಾಗಿಯೇ ಕೇಳಿ. ಔಷಧದ ಪುಟವೇ ಆಗಿದ್ದರೆ ಅವರು ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸಿಯಾರು.