ಮದ್ದಿನ ಕವರಿನ ಮೇಲಿನ ಒಂದು ಸಾಲು

ಬೆಂಗಳೂರಿನ ಗೆಳತಿ ಮೊನ್ನೆ ಫೋನಿನಲ್ಲಿ ಕೇಳಿದಳು: "ಮಕ್ಕಳ ಆರೋಗ್ಯದಲ್ಲಿ ಕೇರಳ ದೇಶಕ್ಕೇ ಮುಂದು ಅಂತಾರೆ. ಮತ್ತೆ ಕಾಸರಗೋಡಿನವರು ಯಾಕೆ ಮಗು ಎತ್ಕೊಂಡು ಮಂಗಳೂರಿಗೆ ಓಡ್ತೀರಿ? ಒಂಚೂರು ಮಲಯಾಳಂ ಕಲಿತರೆ ಮುಗೀತಲ್ವಾ?"

ಮಾರಾಯ್ತಿ, ಕೇರಳ ಮುಂದಿರುವುದು ನಿಜ. 2020ರ ಲೆಕ್ಕ ನೋಡು. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಹೋಗುವವರು ದೇಶದಲ್ಲಿ 28, ಕರ್ನಾಟಕದಲ್ಲಿ 19, ಕೇರಳದಲ್ಲಿ 6. ನಮ್ಮೂರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮಳೆಗಾಲದಲ್ಲೂ ಅಡಿಕೆ ತೋಟ ದಾಟಿ ಬಂದು ಲಸಿಕೆಯ ದಿನ ನೆನಪಿಸಿ ಹೋಗುತ್ತಾರೆ. ಅದೂ ತುಳುವಿನಲ್ಲಿ. ಈ ಊರಿನ ಬಗ್ಗೆ ನನಗೆ ಹೆಮ್ಮೆ ಇದೆ.

ಮಂಗಳೂರು ಯಾಕೆ ಅಂದರೆ ಅದು ಹತ್ತಿರ, ಅಷ್ಟೇ. ತಿರುವನಂತಪುರ ಇಲ್ಲಿಂದ 500 ಕಿಲೋಮೀಟರಿಗೂ ಜಾಸ್ತಿ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮಗಾದ ಸಂಕಟ ಹೇಳಿ ಮುಗಿಯದು.

ಇನ್ನು ಮಲಯಾಳಂ. ಮಾತು ಬರುತ್ತದೆ. ಮೀನು ಕೊಳ್ಳಲು, ಬಸ್ಸಿನಲ್ಲಿ ಜಗಳ ಮಾಡಲು ಸಾಕಷ್ಟು ಬರುತ್ತದೆ. ಓದಲು ಬರುವುದಿಲ್ಲ. ಹತ್ತನೆಯವರೆಗೆ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ.

ಮಗಳಿಗೆ ಒಂದೂವರೆ ವರ್ಷ ಇದ್ದಾಗ ಭೇದಿ ಶುರುವಾಯಿತು. ಕಣ್ಣು ಗುಳಿ ಬಿದ್ದಿತ್ತು, ಅತ್ತರೆ ನೀರೇ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನೋಡಿದರು. ಓಆರ್‌ಎಸ್ ಪೊಟ್ಟಣ ಕೊಟ್ಟರು, ಜೊತೆಗೆ ಸತುವಿನ (ಜಿಂಕ್) 14 ಮಾತ್ರೆಯ ಒಂದು ಪಟ್ಟಿ. ದಿನಕ್ಕೊಂದು, ನೀರಲ್ಲಿ ಕರಗಿಸಿ ಕುಡಿಸುವುದು. ಮೂರನೇ ದಿನ ಭೇದಿ ನಿಂತಿತು. ನಾನೂ ಮಾತ್ರೆ ನಿಲ್ಲಿಸಿದೆ. ಗುಣವಾದ ಮಗುವಿಗೆ ಸುಮ್ನೆ ಯಾಕೆ ಮದ್ದು ಅಂತ.

ವಾರ ಕಳೆದು ಆಶಾ ಅಕ್ಕ ಬಂದಾಗ ಕಿಟಕಿಯಲ್ಲಿದ್ದ ಆ ಪಟ್ಟಿ ನೋಡಿದರು. ಹನ್ನೊಂದು ಮಾತ್ರೆ ಹಾಗೇ ಇತ್ತು. ಕವರ್ ತಿರುಗಿಸಿ ಓದಿದರು: "ವಯರಿಳಕ್ಕಂ ನಿನ್ನಾಲುಂ ನಿರ್ತರುದ್." ಭೇದಿ ನಿಂತರೂ ನಿಲ್ಲಿಸಬಾರದು. ಹದಿನಾಲ್ಕು ದಿನ ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಆಗುವುದು ಕಮ್ಮಿಯಂತೆ. ಬಾಯಲ್ಲಿ ಹೇಳಿದ್ದರೆ ಒಂದಕ್ಷರವೂ ಬಿಡದೆ ನನಗೆ ಅರ್ಥವಾಗುತ್ತಿತ್ತು. ಬರೆದದ್ದು ಬರೀ ಸುರುಳಿ ಸುರುಳಿಯಾಗಿ ಕಂಡಿತ್ತು.

ಆ ಹೊತ್ತು ನನಗೆ ಬಂದದ್ದು ಸಿಟ್ಟು. ಕನ್ನಡದಲ್ಲಿ ಬರೆದು ಕೊಡುವುದು ಯಾರೋ ದಯೆಯಿಂದ ಮಾಡಬೇಕಾದದ್ದಲ್ಲ. ನಮ್ಮಂಥ ಊರಿನ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಲು ಕೇರಳದ 1969ರ ಭಾಷಾ ಕಾನೂನೇ ನಮಗೆ ಅವಕಾಶ ಕೊಟ್ಟಿದೆ. ನಾವು ಎಲ್ಲಿಂದಲೋ ಬಂದು ಕೂತವರಲ್ಲ. 1956ರಲ್ಲಿ ರಾಜ್ಯಗಳ ಗಡಿಯ ಗೆರೆ ಸರಿಯಿತು, ನಾವು ಇದ್ದಲ್ಲೇ ಇದ್ದೆವು. ಸತ್ಯ ಹೇಳಬೇಕೆಂದರೆ ನಮಗೆ ಬೇಕಾದದ್ದು ಬಹಳ ಸಣ್ಣದು. ಮದ್ದಿನ ಕವರಿನ ಮೇಲೆ, ಲಸಿಕೆ ಕಾರ್ಡಿನ ಮೇಲೆ ಕನ್ನಡದಲ್ಲೂ ಒಂದು ಸಾಲು.

ಈಗ ನನ್ನ ಚೀಲದಲ್ಲಿ ಯಾವಾಗಲೂ ಒಂದು ಪೆನ್ನು ಇರುತ್ತದೆ. ಮದ್ದು ಕೊಡುವವರ ಮುಂದೆಯೇ ನಿಂತು, ಅವರ ಬಾಯಿಂದ ಒಂದೊಂದೇ ಹೇಳಿಸಿ, ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಹೋದ ತಿಂಗಳು ಹಿಂದೆ ನಿಂತಿದ್ದ ಹುಡುಗಿ, ಕಂಕುಳಲ್ಲಿ ಮಗು, ತನ್ನ ಕವರನ್ನೂ ಚಾಚಿದಳು: "ಅಕ್ಕಾ, ಇದಕ್ಕೂ ಬರೆದು ಕೊಡ್ತೀರಾ?"