ಗದ್ದೆಯಲ್ಲಿ ಸಿಕ್ಕ ಬಾತುಕೋಳಿ ಮೊಟ್ಟೆಗೆ ಮನೆಯಲ್ಲೇ ಕಾವು ಕೊಟ್ಟು ಮರಿ ಮಾಡಿಸಬಹುದಾ?

ಭತ್ತ ಕೊಯ್ದ ಗದ್ದೆಯಲ್ಲಿ ಬಾತುಕೋಳಿ ಮೇಯಿಸುವವರು ಬಿಟ್ಟುಹೋದ ಆರು ಮೊಟ್ಟೆ ಸಿಕ್ಕಿವೆ, ಕಾವು ಕೊಡುವ ಮಿಷನ್ (ಇನ್‌ಕ್ಯುಬೇಟರ್) ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಮಾಡಿಸಬಹುದು. ನಾನು ದಾವಣಗೆರೆ ಹತ್ತಿರದ ನಾಲೆ ಬಯಲಿನವನು. ನನಗೂ ಹೀಗೇ ಒಂಬತ್ತು ಸಿಕ್ಕಿದ್ದವು, ನಾಲ್ಕು ಮರಿ ಆದವು.

ಮೊದಲೇ ಒಂದು ಮಾತು. ಸೂಳೆಕೆರೆಯಂಥ ಕೆರೆಯಂಚಿನ ಗೂಡಲ್ಲಿ ಕಂಡ ಕಾಡು ಬಾತಿನ ಮೊಟ್ಟೆಯಾದರೆ ಮುಟ್ಟಲೇಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಅರಣ್ಯ ಇಲಾಖೆಯವರಿಗೆ ತಿಳಿಸಿ ಸಾಕು.

ನಿಮ್ಮವು ಸಾಕಿದ ಬಾತಿನವು ತಾನೇ? ಹಾಗಾದರೆ ತೊಳೆಯದೆ, ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಬಿರುಕು ಬಿಟ್ಟಿದ್ದನ್ನು ಬಿಸಾಕಿ. ಅಕ್ಕಪಕ್ಕದಲ್ಲಿ ಯಾರದ್ದಾದರೂ ಜವಾರಿ ಹೇಂಟೆ ಕಾವಿಗೆ ಕೂತಿದ್ದರೆ ಅದರ ಕೆಳಗೆ ಇಟ್ಟುಬಿಡಿ, ಅದಕ್ಕಿಂತ ಒಳ್ಳೆ ಮಿಷನ್ ಇಲ್ಲ. ಒಂದೇ ತೊಂದರೆ: ಕೋಳಿ ಮೊಟ್ಟೆಗೆ 21 ದಿನ, ಬಾತಿಗೆ 28. ಕೆಲವು ಹೇಂಟೆ ಬೇಜಾರಾಗಿ ನಡುವೆ ಎದ್ದುಬಿಡುತ್ತವೆ.

ನನಗೆ ಹೇಂಟೆ ಸಿಗಲಿಲ್ಲ. ಥರ್ಮಾಕೋಲ್ ಡಬ್ಬಿ, 40 ವಾಟ್‌ನ ಬಿಸಿಯಾಗುವ ಹಳೇ ಮಾದರಿ ಬಲ್ಬು, ಒಂದು ಬಟ್ಟಲು ನೀರು, ಮೊಟ್ಟೆಯ ಮೇಲ್ಮಟ್ಟಕ್ಕೆ ಸರಿಯಾಗಿ ಥರ್ಮಾಮೀಟರ್. ಫ್ಯಾನ್ ಇಲ್ಲದ ಡಬ್ಬಿಯಲ್ಲಿ ಅಲ್ಲಿ 38 ಡಿಗ್ರಿ ಆಸುಪಾಸು ಇರಬೇಕು. ಏಪ್ರಿಲ್ ನಮ್ಮೂರಲ್ಲಿ ಹೇಗಿರುತ್ತೆ ಗೊತ್ತಲ್ಲ, ಮಧ್ಯಾಹ್ನ ಬಲ್ಬು ಆರಿಸಿದರೂ ಕಾವು ಏರುತ್ತಿತ್ತು. ಕರೆಂಟ್ ಹೋಗೋದಕ್ಕಿಂತ ಅದೇ ಜಾಸ್ತಿ ಅಪಾಯ. ಸ್ವಲ್ಪ ಹೊತ್ತು ತಣ್ಣಗಾದರೆ ಮರಿ ತಡೆಯುತ್ತೆ, ಬೆಂದರೆ ಮುಗೀತು.

ಮೊಟ್ಟೆ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ ದಿನಕ್ಕೆ ಮೂರು ಇಲ್ಲವೇ ಐದು ಸಲ ಹೊರಳಿಸಿ. ಬೆಸ ಸಂಖ್ಯೆ ಯಾಕೆಂದರೆ, ರಾತ್ರಿಯ ಉದ್ದನೆ ಹೊತ್ತು ಪ್ರತಿ ದಿನ ಒಂದೇ ಮಗ್ಗುಲಿಗೆ ಬೀಳಬಾರದು. ಹತ್ತು ದಿನ ಆದಮೇಲೆ ದಿನಕ್ಕೊಂದು ಸಲ ಹತ್ತು ನಿಮಿಷ ಮುಚ್ಚಳ ತೆಗೆದು ಉಗುರುಬೆಚ್ಚಗಿನ ನೀರು ಚಿಮುಕಿಸಿ. ತಾಯಿ ಬಾತು ಮೇಯಲು ಹೋಗಿ ಒದ್ದೆ ಮೈಯಲ್ಲಿ ವಾಪಸ್ ಬಂದು ಕೂರುತ್ತಲ್ಲ, ಹಾಗೆ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದರೆ ಒಳಗೆ ಜೇಡನ ಕಾಲಿನಂತೆ ಕೆಂಪು ನರ ಕಾಣುತ್ತೆ. ನನ್ನ ಒಂಬತ್ತರ ಪೈಕಿ ಮೂರರಲ್ಲಿ ಏನೂ ಕಾಣಲಿಲ್ಲ. ಇನ್ನೊಂದರ ಬೆಳವಣಿಗೆ ಆಮೇಲೆ ನಿಂತುಹೋಯಿತು.

25ನೇ ದಿನದಿಂದ ಹೊರಳಿಸಬೇಡಿ. ಡಬ್ಬಿಯಲ್ಲಿ ಒದ್ದೆ ಬಟ್ಟೆ ಇಟ್ಟು ತೇವ ಏರಿಸಿ, 70 ಶೇಕಡಾ ಇರಲಿ. ಪದೇ ಪದೇ ತೆರೆದು ನೋಡಬೇಡಿ. ನಾನು ಎಡವಿದ್ದು ಇಲ್ಲೇ. ಚಿಪ್ಪಿಗೆ ಮೊದಲ ತೂತು ಬಿದ್ದು ಇಡೀ ದಿನ ಕಳೆದರೂ ಒಂದು ಮರಿ ಹೊರಬರಲಿಲ್ಲ. ಒಳಗೆ ಕೀಚ್ ಕೀಚ್ ಅನ್ನುತ್ತಿತ್ತು. ಕೇಳಿಸಿಕೊಂಡು ಸುಮ್ನೆ ಕೂರೋಕೆ ಆಗಲಿಲ್ಲ, ಉಗುರಲ್ಲಿ ಚಿಪ್ಪು ಬಿಡಿಸಿದೆ. ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿತ್ತು. ಅದು ಉಳಿಯಲಿಲ್ಲ. ತೂತು ಬಿದ್ದಮೇಲೆ ಒಂದರಿಂದ ಎರಡು ದಿನ ಹಿಡಿಯೋದು ಮಾಮೂಲು ಅಂತ ಆಮೇಲೆ ತಿಳಿಯಿತು. ಪೊರೆಯ ರಕ್ತವನ್ನೂ ಹಳದಿಯನ್ನೂ ಮರಿ ಆಗ ಒಳಗೆ ಎಳೆದುಕೊಳ್ಳುತ್ತಿರುತ್ತೆ. ಉಳಿದ ನಾಲ್ಕು ತಾವಾಗಿಯೇ ಬಂದವು.

ಹುಟ್ಟಿದ ದಿನ ಮೇವಿಗೆ ಅವಸರ ಬೇಡ, ಹೊಟ್ಟೆಯೊಳಗಿನ ಹಳದಿಯೇ ಒಂದು ದಿನ ಸಾಕಾಗುತ್ತೆ. ನೀರು ತಟ್ಟೆಯಲ್ಲಿ ಮೂಗು ಅದ್ದುವಷ್ಟಿರಲಿ. ಈಜೋಕೆ ಬಿಡಬೇಡಿ, ತಾಯಿಯಿಲ್ಲದ ಮರಿಯ ತುಪ್ಪಳ ನೆಂದು ಚಳಿ ಹಿಡಿಯುತ್ತೆ. ಬರೀ ಕೋಳಿಮರಿ ಫೀಡ್ ಹಾಕಿದರೂ ಸಾಲದು, ಬಾತುಮರಿಗೆ ನಯಾಸಿನ್ (ಬಿ3 ವಿಟಮಿನ್) ಜಾಸ್ತಿ ಬೇಕು, ಇಲ್ಲದಿದ್ದರೆ ಕಾಲು ಸೋಲುತ್ತೆ. ಫೀಡ್ ಜೊತೆ ಬ್ರೂವರ್ಸ್ ಯೀಸ್ಟ್ ಬೆರೆಸಿ. ನನಗೆ ಇದು ತಡವಾಗಿ ಗೊತ್ತಾಯಿತು. ನಾಲ್ಕರಲ್ಲಿ ಒಂದು ಈಗಲೂ ಸ್ವಲ್ಪ ಕುಂಟುತ್ತೆ.