ರೊಮೆಲ್ ದೊಡ್ಡವನಾ, ಮಾನ್‌ಸ್ಟೈನ್ ದೊಡ್ಡವನಾ?

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದ ವಿಷ್ಯ ಬಂದ್ರೆ ನಮ್ಮನೇಲಿ ನನಗೂ ನನ್ನ ತಮ್ಮನಿಗೂ ಜಗಳ ಗ್ಯಾರಂಟಿ. ಅವನಿಗೆ ರೊಮೆಲ್ ಬಿಟ್ರೆ ಬೇರೆ ಜನರಲ್ಲೇ ಇಲ್ಲ, ನಾನು ಮಾನ್‌ಸ್ಟೈನ್ ಅಂತೀನಿ. ಜರ್ಮನ್ ಜನರಲ್‌ಗಳಲ್ಲಿ ನಿಜವಾಗ್ಲೂ ಸಮರ್ಥ ಯಾರು?

ಉತ್ತರ: ನನ್ನ ವೋಟು ನಿಮಗೇ, ಆದ್ರೆ ತಮ್ಮ ಹೇಳೋದನ್ನ ಪೂರ್ತಿ ತಳ್ಳಿಹಾಕಬೇಡಿ, ಯಾಕಂದ್ರೆ ಇಬ್ಬರೂ ಮಾಡಿದ ಕೆಲಸ ಒಂದೇ ಥರದ್ದಲ್ಲ. 1940ರಲ್ಲಿ ಫ್ರಾನ್ಸ್‌ನಲ್ಲಿ ರೊಮೆಲ್ ಕೈಲಿದ್ದದ್ದು ಒಂದೇ ಡಿವಿಷನ್ (ಹತ್ತು-ಹದಿನೈದು ಸಾವಿರ ಸೈನಿಕರ ಪಡೆ), 7ನೇ ಪ್ಯಾಂಜರ್, ಅಂದ್ರೆ ಟ್ಯಾಂಕ್ ಡಿವಿಷನ್. ಅದು ಎಷ್ಟು ಜೋರಾಗಿ ನುಗ್ತಿತ್ತು ಅಂದ್ರೆ ಎಲ್ಲಿದೆ ಅಂತ ಕೆಲವು ಸಲ ಜರ್ಮನ್ ಹೆಡ್‌ಕ್ವಾರ್ಟರ್ಸ್‌ಗೇ ತಿಳೀತಿರಲಿಲ್ಲ, ಅದಕ್ಕೇ ದೆವ್ವದ ಡಿವಿಷನ್ ಅನ್ನೋ ಹೆಸರು ಬಂತು. ಒಂದು ಡಿವಿಷನ್ನೋ, ಕೆಲವು ಡಿವಿಷನ್ ಸೇರಿದ ಒಂದು ಕೋರೋ ಕೊಟ್ಟು ಮುಂದೆ ನಿಂತು ನಡೆಸು ಅಂದ್ರೆ ರೊಮೆಲ್‌ಗೆ ಸಾಟಿಯಾಗೋರು ಕಮ್ಮಿ.

ತೊಂದರೆ ಶುರುವಾಗೋದು ಆಫ್ರಿಕಾದಲ್ಲಿ. ಲಿಬಿಯಾದಲ್ಲಿ ಇಟಲಿ ಸೈನ್ಯ ಬ್ರಿಟಿಷರ ಕೈಲಿ ಸೋತು ಸುಮಾರು 1,30,000 ಜನ ಸೆರೆ ಸಿಕ್ಕಿದ್ರು (ಇಟಲಿಯ ಯುದ್ಧಕೈದಿಗಳನ್ನ ನಮ್ಮ ಬೆಂಗಳೂರಿನ ಕ್ಯಾಂಪ್‌ಗಳಲ್ಲೂ ಇಟ್ಟಿದ್ರು, ಹಳಬರಿಗೆ ನೆನಪಿರುತ್ತೆ), ಅದನ್ನ ಹೆಂಗಾದ್ರೂ ತಡೀಬೇಕು ಅಂತ ಫೆಬ್ರವರಿ 1941ರಲ್ಲಿ ರೊಮೆಲ್‌ನ ಟ್ರಿಪೋಲಿಗೆ ಕಳಿಸಿದ್ರು. ಕಾದು ನೋಡು ಅಂತ ಮೇಲಿನವರು ಹೇಳಿದ್ರೂ ಕೇಳದೆ ನುಗ್ಗಿಬಿಟ್ಟ. 21 ಜೂನ್ 1942ರಂದು ಬ್ರಿಟಿಷರ ಕೈಲಿದ್ದ ಲಿಬಿಯಾದ ಬಂದರು ಟೋಬ್ರುಕ್ ಬಿತ್ತು, ಸುಮಾರು 33,000 ಜನ ಶರಣಾದ್ರು, ಫೀಲ್ಡ್ ಮಾರ್ಷಲ್ ಪಟ್ಟ ಸಿಕ್ತು. ಇಲ್ಲಿವರೆಗೂ ನಿಮ್ಮ ತಮ್ಮ ಹೇಳೋದೇ ಸರಿ.

ಆದ್ರೆ ಮೊದಲಿನ ಪ್ಲಾನ್ ಏನಿತ್ತು ಅಂದ್ರೆ ಟೋಬ್ರುಕ್ ಆದ್ಮೇಲೆ ನಿಲ್ಲಬೇಕು, ಮಾಲ್ಟಾ ದ್ವೀಪ ಹಿಡೀಬೇಕು, ಯಾಕಂದ್ರೆ ಇಟಲಿಯಿಂದ ಬರೋ ಪೆಟ್ರೋಲ್ ಹಡಗುಗಳನ್ನ ಮುಳುಗಿಸ್ತಿದ್ದ ವಿಮಾನ, ಸಬ್‌ಮರೀನ್‌ಗಳು ಅಲ್ಲಿಂದಾನೇ ಹೊರಡ್ತಿದ್ವು. ಮೆಡಿಟರೇನಿಯನ್ ಕಡೆಯ ಜರ್ಮನ್ ಮೇಲಧಿಕಾರಿ ಕೆಸೆಲ್‌ರಿಂಗ್ ಅದನ್ನೇ ಬಡಕೊಂಡ. ರೊಮೆಲ್ ಕೇಳಲಿಲ್ಲ, ಈಜಿಪ್ಟ್‌ಗೇ ಹೋಗ್ತೀನಿ ಅಂದ, ಹಿಟ್ಲರ್ ಮುಸೊಲಿನಿ ಇಬ್ಬರೂ ಹೂಂ ಅಂದ್ರು. ಈಜಿಪ್ಟ್‌ನ ಎಲ್ ಅಲಮೈನ್ ಮುಟ್ಟೋ ಹೊತ್ತಿಗೆ ದೊಡ್ಡ ಬಂದರು ಟ್ರಿಪೋಲಿ 2,000 ಕಿಲೋಮೀಟರ್‌ಗಿಂತ ಹಿಂದೆ ಉಳಿದಿತ್ತು, ತರೋ ಪೆಟ್ರೋಲ್‌ನಲ್ಲಿ ದೊಡ್ಡ ಪಾಲನ್ನ ತರೋ ಲಾರಿಗಳೇ ಕುಡೀತಿದ್ವು. ಟ್ಯಾಂಕ್ ಓಡಿಸೋದರಲ್ಲಿ ಎಷ್ಟು ಜಾಣನಾದ್ರೂ ಈ ಲೆಕ್ಕ ತಪ್ಪಿದ್ರೆ ದೊಡ್ಡ ಸೈನ್ಯ ನಡೆಸೋಕಾಗಲ್ಲ.

ಇನ್ನೊಂದು ವಿಷ್ಯ ಜನ ಗಮನಿಸೋದೇ ಇಲ್ಲ. ಶತ್ರು ಏನು ಮಾಡ್ತಾನೆ ಅನ್ನೋದು ರೊಮೆಲ್‌ಗೆ ಮೊದಲೇ ಹೊಳೀತಿತ್ತು ಅಂತ ಹೊಗಳ್ತಾರಲ್ಲ, ಅದರ ಹಿಂದೆ ರೇಡಿಯೋ ಇತ್ತು. ಕೈರೋದಲ್ಲಿದ್ದ ಅಮೆರಿಕದ ಮಿಲಿಟರಿ ಅಧಿಕಾರಿ ಬಾನರ್ ಫೆಲ್ಲರ್ಸ್ ವಾಷಿಂಗ್ಟನ್‌ಗೆ ಕಳಿಸ್ತಿದ್ದ ಗುಪ್ತ ವರದಿಗಳು ಜರ್ಮನ್ನರಿಗೆ ಸಿಗ್ತಿದ್ವು, ಜೊತೆಗೆ ಬ್ರಿಟಿಷರ ಮಾತು ಕದ್ದು ಕೇಳೋ ಸೈನ್ಯದ ಒಂದು ರೇಡಿಯೋ ತುಕಡಿನೂ ಇತ್ತು. ಜೂನ್ 1942ರ ಕೊನೇಲಿ ಮೊದಲನೇದು ನಿಂತುಹೋಯ್ತು, 10 ಜುಲೈಗೆ ಆಸ್ಟ್ರೇಲಿಯಾದ ಸೈನಿಕರು ಆ ತುಕಡಿನೇ ಹಿಡಿದುಬಿಟ್ರು. ಅಲ್ಲಿಂದಾಚೆ ರೊಮೆಲ್‌ನ ಅಂದಾಜು ಮೊದಲಿನ ಹಾಗೆ ನಡೀಲಿಲ್ಲ.

ಈಗ ಮಾನ್‌ಸ್ಟೈನ್. 1940ರಲ್ಲಿ ಆರ್ಡೆನ್ ಕಾಡಿನ ಮೂಲಕ ಟ್ಯಾಂಕ್ ನುಗ್ಗಿಸಿ ಫ್ರೆಂಚ್, ಬ್ರಿಟಿಷ್ ಸೈನ್ಯಗಳ ಬೆನ್ನಿಗೆ ಹೋಗಿ ಸಮುದ್ರ ಮುಟ್ಟೋಣ ಅನ್ನೋ ಐಡಿಯಾ ಅವನದ್ದು. ಆ ಕಾಡಲ್ಲಿ ಟ್ಯಾಂಕ್ ಹೋಗುತ್ತಾ ಅಂತ ಟ್ಯಾಂಕ್ ಪಡೆಯ ಜನರಲ್ ಗುಡೇರಿಯನ್‌ನ ಕೇಳಿದ, ಹೋಗುತ್ತೆ ಅಂತ ಅವನು ಧೈರ್ಯ ಹೇಳಿದ, ಮೇಲಿನವರು ಬೇಸತ್ತು ಮಾನ್‌ಸ್ಟೈನ್‌ನ ಎಲ್ಲೋ ಹಿಂದಿನ ಒಂದು ಕೋರ್‌ಗೆ ದಬ್ಬಿದ್ರು, ಕೊನೆಗೆ ಅದೇ ಪ್ಲಾನ್ ನಡೀತು. ಫ್ರಾನ್ಸ್ ಗಡಿ ಹತ್ರದ ಸೆಡಾನ್‌ನಲ್ಲಿ ನದಿ ದಾಟಿದ್ದು 13 ಮೇ, ಸಮುದ್ರ ಮುಟ್ಟಿದ್ದು 20 ಮೇ, ಬರೀ ಒಂದು ವಾರ. ಅದನ್ನ ಮಾಡಿ ತೋರಿಸಿದ್ದು ಗುಡೇರಿಯನ್, ಹಾಗಾಗಿ ಫ್ರಾನ್ಸ್‌ನ ಕೀರ್ತಿಯಲ್ಲಿ ಅರ್ಧ ಅವನಿಗೆ ಕೊಡಲೇಬೇಕು, ಪ್ರತಿ ಟ್ಯಾಂಕಿಗೂ ರೇಡಿಯೋ ಇರಲಿ ಅಂತ ವರ್ಷಗಟ್ಟಲೆ ಹಟ ಹಿಡಿದಿದ್ದೂ ಅವನೇ.

ಆದ್ರೆ ನನ್ನ ಮನಸ್ಸು ಒಪ್ಪಿದ್ದು 1943ರ ಫೆಬ್ರವರಿಯಲ್ಲಿ ಉಕ್ರೇನ್‌ನ ಖಾರ್ಕೋವ್ ನಗರದ ಹತ್ರ ನಡೆದದ್ದು ನೋಡಿದ್ಮೇಲೆ. ಸ್ಟಾಲಿನ್‌ಗ್ರಾಡ್ ಹೋಗಿದೆ, ರಷ್ಯನ್ನರು ಡ್ನೀಪರ್ ನದಿ ಕಡೆ ಓಡಿ ಬರ್ತಿದ್ದಾರೆ, ಹಿಟ್ಲರ್ ಸ್ವತಃ ಮಾನ್‌ಸ್ಟೈನ್‌ನ ಹೆಡ್‌ಕ್ವಾರ್ಟರ್ಸ್ ಇದ್ದ ಜಪೊರೀಜ್ಯಕ್ಕೆ ಹಾರಿ ಬಂದಿದ್ದಾನೆ, ರಷ್ಯನ್ನರ ಟ್ಯಾಂಕ್‌ಗಳು ಅಲ್ಲಿಗೂ ಹತ್ರ ಬಂದಿವೆ. ಅಂಥಾ ಹೊತ್ತಲ್ಲಿ ಬರಲಿ ಇನ್ನೂ ಬರಲಿ ಅಂತ ಬಿಟ್ಟು, ಅವರ ಡೀಸೆಲ್ ಮುಗಿದು ಸಾಲು ಉದ್ದ ಆದ್ಮೇಲೆ ಮಾನ್‌ಸ್ಟೈನ್ ಪಕ್ಕದಿಂದ ಹೊಡೆದ, ಮಾರ್ಚ್ ಮಧ್ಯಕ್ಕೆ ಖಾರ್ಕೋವ್ ವಾಪಸ್ ಬಂತು. ಸೋತು ಹಿಂದೆ ಓಡ್ತಿರೋ ನೂರಾರು ಕಿಲೋಮೀಟರ್ ಉದ್ದದ ಫ್ರಂಟನ್ನ ತಲೇಲಿ ಇಟ್ಕೊಂಡು ಹಂಗೆ ತಿರುಗಿ ಬೀಳೋದು ರೊಮೆಲ್ ಯಾವತ್ತೂ ಮಾಡಬೇಕಾಗಿ ಬರದೇ ಇದ್ದ ಕೆಲಸ.

ನಿಮ್ಮಿಬ್ಬರ ಲಿಸ್ಟಲ್ಲೂ ಇಲ್ಲದ ಒಂದು ಹೆಸರು ವಾಲ್ಟರ್ ಮೋಡೆಲ್. ಕಾಪಾಡಿಕೊಳ್ಳೋ ಯುದ್ಧದಲ್ಲಿ ನನ್ನ ಪ್ರಕಾರ ಇವನೇ ಮೊದಲು. ಮಾಸ್ಕೋ ಕಡೆಯ ರ್ಝೆವ್‌ನಲ್ಲಿ 1942ರಲ್ಲಿ ಹಿಡಿದು ನಿಂತ, 1944ರ ಬೇಸಿಗೇಲಿ ರಷ್ಯಾ ಫ್ರಂಟಿನ ಮಧ್ಯದ ಆರ್ಮಿ ಗ್ರೂಪ್ (ಹಲವು ಆರ್ಮಿಗಳ ಗುಂಪು) ಚಿಂದಿ ಆದಾಗ ಹೋಗಿ ಪೋಲೆಂಡ್‌ನ ವಿಸ್ಟುಲಾ ನದಿ ಹತ್ರ ಫ್ರಂಟ್ ನಿಲ್ಲಿಸಿದ. ಏಪ್ರಿಲ್ 1945ರಲ್ಲಿ ಗುಂಡು ಹಾಕ್ಕೊಂಡು ಸತ್ತ, ನೆನಪಿನ ಪುಸ್ತಕ ಬರೀಲಿಲ್ಲ, ಅದಕ್ಕೇ ಹೆಸರು ಗೊತ್ತಿರೋರು ಕಮ್ಮಿ.

ಪ್ರಶ್ನೆ: ಹಿಟ್ಲರ್ ಅಡ್ಡ ಬರದೇ ಜನರಲ್‌ಗಳಿಗೇ ಬಿಟ್ಟಿದ್ರೆ ಜರ್ಮನಿ ಗೆಲ್ತಿತ್ತು ಅಂತಾರಲ್ಲ, ನಿಜಾನಾ?

ಉತ್ತರ: ಈ ಮಾತು ಬಂದಿದ್ದೇ ಆ ಜನರಲ್‌ಗಳ ಬಾಯಿಂದ. ಯುದ್ಧ ಮುಗಿದ್ಮೇಲೆ ಹಿಟ್ಲರ್ ಸತ್ತಿದ್ದ, ಇವರು ಬದುಕಿದ್ರು, 1942ರವರೆಗೆ ಜರ್ಮನ್ ಭೂಸೇನೆಯ ಮುಖ್ಯ ಯೋಜಕನಾಗಿದ್ದ ಹಾಲ್ಡರ್ ಮತ್ತೆ ಎಷ್ಟೋ ಜನ ಅಮೆರಿಕ ಸೈನ್ಯದ ಇತಿಹಾಸ ವಿಭಾಗಕ್ಕೇ ಕೂತು ಬರೆದ್ರು, ಗೆದ್ದಿದ್ದೆಲ್ಲ ನಮ್ಮದು ಸೋತಿದ್ದೆಲ್ಲ ಅವನದು ಅಂತ. 1940ರಲ್ಲಿ ಫ್ರಾನ್ಸ್‌ನ ಬಂದರು ಡಂಕರ್ಕ್‌ನಲ್ಲಿ ಆದದ್ದು ನೋಡಿ. ಟ್ಯಾಂಕ್ ನಿಲ್ಲಿಸಿದ ಹಿಟ್ಲರ್, ಅದಕ್ಕೇ 3,38,000 ಸೈನಿಕರು ತಪ್ಪಿಸಿಕೊಂಡ್ರು ಅಂತಾರೆ, ಆದ್ರೆ ನಿಲ್ಲಿಸೋಣ ಅಂತ ಮೊದಲು ಅಂದವನು ಅಲ್ಲಿನ ಆರ್ಮಿ ಗ್ರೂಪ್ ನಡೆಸ್ತಿದ್ದ ಜನರಲ್ ರುಂಡ್‌ಸ್ಟೆಟ್, ಹಿಟ್ಲರ್ ಒಪ್ಪಿದ ಅಷ್ಟೆ. ರಷ್ಯಾ ಯುದ್ಧ ಎರಡು ವಾರದಲ್ಲಿ ಗೆದ್ದಾಯ್ತು ಅಂತ 3 ಜುಲೈ 1941ರಂದು ಡೈರಿಲಿ ಬರೆದವನು ಇದೇ ಹಾಲ್ಡರ್, ಆಗಸ್ಟಲ್ಲಿ ಅವನೇ 200 ಡಿವಿಷನ್ ಅಂದ್ಕೊಂಡಿದ್ವಿ ಈಗಾಗಲೇ 360 ಎಣಿಸಿದೀವಿ ಅಂತ ಬರ್ಕೊಂಡ. ಶತ್ರು ಎಷ್ಟು ಜನ ಅಂತಾನೇ ಗೊತ್ತಿಲ್ಲದೆ, ಚಳಿಗಾಲಕ್ಕೆ ಬಟ್ಟೆ ಸರಿಯಾಗಿ ಮುಂದೆ ತಲುಪಿಸದೆ ಹೊರಟವರಿಗೆ ಇನ್ನೂ ಸ್ವಾತಂತ್ರ್ಯ ಕೊಟ್ಟಿದ್ರೆ ಏನು ಬದಲಾಗ್ತಿತ್ತು ಹೇಳಿ. ಬೇಗ ಮುಗಿಯೋ ಯುದ್ಧದಲ್ಲಿ ಇವರು ಜಾಣರು, ಎಣ್ಣೆ, ರೈಲು, ಕಾರ್ಖಾನೆ ಲೆಕ್ಕ ಬೇಕಾಗೋ ಉದ್ದದ ಯುದ್ಧದಲ್ಲಿ ಅಲ್ಲ.

ಮತ್ತೆ ಇದನ್ನ ಹೇಳದೇ ಬಿಟ್ರೆ ನಾನು ಮೋಸ ಮಾಡಿದ ಹಾಗೆ. ಮಾನ್‌ಸ್ಟೈನ್ ನಡೆಸಿದ 11ನೇ ಆರ್ಮಿಯ ಹಿಡಿತದಲ್ಲಿದ್ದ ಜಾಗದಲ್ಲೇ, ಕ್ರಿಮಿಯಾದ ಸಿಮ್ಫೆರೊಪೋಲ್‌ನಲ್ಲಿ, ಡಿಸೆಂಬರ್ 1941ರಲ್ಲಿ ಸಾವಿರಾರು ಯಹೂದಿಗಳನ್ನ ಗುಂಡಿಟ್ಟು ಕೊಂದ್ರು, ಯಹೂದಿ ಬೋಲ್ಶೆವಿಕ್ ವ್ಯವಸ್ಥೇನ ಬೇರು ಸಮೇತ ಕೀಳಬೇಕು ಅಂತ ಅದಕ್ಕೆ ಮುಂಚಿನ ತಿಂಗಳಷ್ಟೇ ಅವನು ಸಹಿ ಹಾಕಿ ಆದೇಶ ಹೊರಡಿಸಿದ್ದ. 1949ರಲ್ಲಿ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷ್ ಕೋರ್ಟು 18 ವರ್ಷ ಶಿಕ್ಷೆ ಕೊಡ್ತು, 1953ಕ್ಕೇ ಬಿಡುಗಡೆ ಆಯ್ತು. ಖಾರ್ಕೋವ್ ಓದುವಾಗ ಸಿಮ್ಫೆರೊಪೋಲ್ ಪುಟ ತಿರುಗಿಸಿ ಹೋಗಬೇಡಿ.

ಪ್ರಶ್ನೆ: ನಮ್ಮ ತಾತ ಇಟಲಿಯಲ್ಲಿ ಯುದ್ಧ ಮಾಡಿದ್ರು ಅಂತ ಅಪ್ಪ ಹೇಳ್ತಿದ್ರು. ಅಲ್ಲಿ ಎದುರಿಗಿದ್ದ ಜರ್ಮನ್ ಜನರಲ್ ಯಾರು?

ಉತ್ತರ: ಆಲ್ಬರ್ಟ್ ಕೆಸೆಲ್‌ರಿಂಗ್. ವಾಯುಸೇನೆಯವನು, ಆದ್ರೂ ನೆಲದ ಮೇಲೆ ತಡೆಯೋದರಲ್ಲಿ ಗಟ್ಟಿಗ. ಬೆಟ್ಟ, ನದಿ ಎರಡನ್ನೂ ಬಳಸಿ ಒಂದು ಸಾಲು ಬಿಟ್ಟು ಇನ್ನೊಂದು ಸಾಲಿಗೆ ಸರೀತಾ ಬಂದ, ಸೆಪ್ಟೆಂಬರ್ 1943ರಲ್ಲಿ ಇಳಿದ ಮಿತ್ರಸೈನ್ಯ ರೋಮ್ ಮುಟ್ಟಿದ್ದು 4 ಜೂನ್ 1944ಕ್ಕೆ. ಮಾಂಟೆ ಕಸಿನೋ ಬೆಟ್ಟದಲ್ಲಿ ನಮ್ಮ 4ನೇ ಡಿವಿಷನ್ ಫೆಬ್ರವರಿ, ಮಾರ್ಚ್ ಎರಡೂ ಸಲ ಹತ್ತೋಕೆ ಹೋಗಿ ಬಹಳ ಜನರನ್ನ ಕಳ್ಕೊಳ್ತು. ಬೆಂಗಳೂರಿನಿಂದ ಹೋದ ಮದ್ರಾಸ್ ಸ್ಯಾಪರ್ಸ್‌ನವರೂ (ಸೇತುವೆ, ದಾರಿ ಮಾಡೋ ಸೈನ್ಯದ ಎಂಜಿನಿಯರ್‌ಗಳು) ಇಟಲಿಯಲ್ಲಿದ್ರು, ತಾತ ಅದರಲ್ಲಿದ್ರಾ ಅಂತ ಅಪ್ಪನ್ನ ಕೇಳಿ. ಮೇ ತಿಂಗಳಲ್ಲಿ 8ನೇ ಭಾರತೀಯ ಡಿವಿಷನ್‌ನ ಸ್ಯಾಪರ್‌ಗಳು ಗುಂಡಿನ ಮಳೆ ಮಧ್ಯೆನೇ ಕಸಿನೋ ಹತ್ರದ ಗಾರಿ ನದಿಗೆ ಸೇತುವೆ ಹಾಕಿದ್ರು, ಟ್ಯಾಂಕ್‌ಗಳು ಆ ಕಡೆ ದಾಟಿದ್ದು ಅದರ ಮೇಲೇನೇ.